ಸ್ಥಾಪನೆಗೆ ಮೊದಲು

ಹಳೆಯ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ಕೆವಿಎಂ ಎಂಬ ವ್ಯವಸ್ಥೆಯನ್ನು ಹಾಕಿಕೊಳ್ಳಲು ಹೊರಟವನು, ಈ ಸಲವಾದರೂ ಯಂತ್ರದ ಯೋಗ್ಯತೆಯನ್ನು ಮೊದಲೇ ನೋಡೋಣವೆಂದು ಕುಳಿತೆ. ಹಿಂದೊಮ್ಮೆ ಹಾಗೆ ಮಾಡದೆ ಇಡೀ ಒಂದು ಭಾನುವಾರವನ್ನು ಕಳೆದುಕೊಂಡಿದ್ದೇನೆ. 2007ರಲ್ಲಿ ಬಂದ ಲಿನಕ್ಸ್ 2.6.20ರಿಂದಲೇ ಕೆವಿಎಂ ಕರ್ನೆಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಭಾಗವಾಗಿದೆಯಾದರೂ ಪ್ರೊಸೆಸರಿನ ನೆರವಿಲ್ಲದೆ ಅದು ನಡೆಯುವುದಿಲ್ಲ. ಇಂಟೆಲ್ ಆದರೆ ‘ವಿಎಂಎಕ್ಸ್’, ಎಎಂಡಿ ಆದರೆ ‘ಎಸ್‌ವಿಎಂ’ ಎಂಬ ಗುರುತು ಸಿಪಿಯು ಮಾಹಿತಿಯ ಕಡತದಲ್ಲಿ ಕಾಣಬೇಕು. ನನ್ನ ಎಎಂಡಿ ಯಂತ್ರದಲ್ಲಿ ಅದು ಕಂಡಿತು. ಆದರೆ ಸಾಧನಗಳ ಕಡತಗಳಿರುವ ‘ಡೆವ್’ ಫೋಲ್ಡರಿನಲ್ಲಿ ಕೆವಿಎಂನ ಸುಳಿವೇ ಇರಲಿಲ್ಲ. ಕರ್ನೆಲ್ ಸಂದೇಶಗಳನ್ನು ತೆಗೆದು ಓದುತ್ತ ಹೋದಾಗ, ಯುಎಸ್‌ಬಿ, ಬ್ಲೂಟೂತ್‌ಗಳ ನೂರಾರು ಸಾಲುಗಳ ನಡುವೆ, ಈ ಸೌಲಭ್ಯವನ್ನು ಬಯೋಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ತಡೆದಿದೆಯೆಂಬ ಒಂದೇ ಒಂದು ಸಾಲು ಸಿಕ್ಕಿತು. ಸಾಮರ್ಥ್ಯವಿದ್ದೂ ಅಪ್ಪಣೆ ಸಿಗದೆ ಇಷ್ಟು ವರ್ಷ ಸುಮ್ಮನೆ ಕುಳಿತಿದ್ದ ಆ ಪ್ರೊಸೆಸರಿನ ಮೇಲೆ, ಯಾಕೋ, ಸ್ವಲ್ಪ ಕನಿಕರವೂ ಹುಟ್ಟಿತು.

ಮೆಮೊರಿಯ ವಿಷಯದಲ್ಲಿ ಮಾತ್ರ ನಾನೇ ಕೈಬಿಗಿ ಹಿಡಿಯಬೇಕಾಯಿತು. ಇರುವ 8 ಜಿಬಿಯಲ್ಲಿ, ಬ್ರೌಸರ್ ತೆರೆದಿರುವಾಗ ‘ಫ್ರೀ’ ಕಮಾಂಡ್ ಬಳಕೆಗೆ ಸಿಗುವುದೆಂದು ತೋರಿಸಿದ್ದು 4 ಜಿಬಿಗಿಂತ ಕಡಿಮೆ. ಆದ್ದರಿಂದ ಒಳಗಿನ ಯಂತ್ರಕ್ಕೆ 2 ಜಿಬಿಯನ್ನಷ್ಟೇ ಕೊಟ್ಟು, ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್ ಎಂಬ ಲಿನಕ್ಸಿನಲ್ಲೇ ತೃಪ್ತಿಪಡಬೇಕೆಂದು ತೀರ್ಮಾನಿಸಿದ್ದೇನೆ. ಡಿಸ್ಕಿನಲ್ಲಿ ಜಾಗ ಧಾರಾಳವಾಗಿದೆ. ಇನ್ನು ಆ ತಡೆಯನ್ನು ತೆಗೆಯಲು ಬಯೋಸಿಗೆ ನಾನೇ ಎಂದೋ ಇಟ್ಟ ಪಾಸ್‌ವರ್ಡ್ ನೆನಪಾಗಬೇಕಷ್ಟೆ.