ತುಳಿಯೋ ಕೆಲಸ

ಎಡಗಾಲು ಕೈಕೊಟ್ಟಿದೆ ಅಂತ ನನಗೆ ಮೊದಲು ಹೇಳಿದ್ದು ಹೊಲಿಗೆ ಮೆಷಿನ್ನು. ಹಾಸನಾಂಬೆ ಬಾಗಿಲು ತೆಗೆಯೋ ದಿನಗಳು, ದೀಪಾವಳಿ ಬ್ಲೌಸುಗಳ ರಾಶಿ ಬಿದ್ದಿತ್ತು. ನನ್ನದು ಕಾಲಲ್ಲಿ ತುಳಿಯೋ ಮೆಷಿನ್ನು. ತುಳಿತ ಒಂದೇ ಸಮ ಇಲ್ಲದಿದ್ದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಸಿಕ್ಕಾಗುತ್ತೆ. ಹೊಸದಾಗಿ ಕಲಿಯೋ ಹುಡುಗಿಯರಿಗೆ ಆಗೋ ಪಾಡು ಅದು. ಹದಿನೆಂಟು ವರ್ಷ ಹೊಲಿದ ನನಗೆ ಒಂದೇ ಸಂಜೆ ಮೂರು ಸಲ ದಾರ ತುಂಡಾಯ್ತು. ದಾರ ಮಾರಿದವನಿಗೆ ಬೈದೆ, ಪಾಪ.

ಆಮೇಲೆ ಎಂಆರ್‌ಐ, ಬೆನ್ನಿಂದ ನೀರು ತೆಗೆದದ್ದು, ಬೆಂಗಳೂರಿಗೆ ಓಡಾಟ. ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್, ಅಂದರು. ಕೇಳಿದವರಿಗೆಲ್ಲ ನಾನು ಹೇಳೋದು ಪೈಪಿಂಗ್ ಲೆಕ್ಕದಲ್ಲಿ. ಬ್ಲೌಸಿನ ಕುತ್ತಿಗೆಗೆ ಪೈಪಿಂಗ್ ಇಡುವಾಗ ಒಳಗೊಂದು ದಾರ, ಮೇಲೆ ಬಟ್ಟೆ ಸುತ್ತಿರುತ್ತೆ. ನರಕ್ಕೂ ಹಾಗೇ ಮಯಲಿನ್ ಅನ್ನೋ ಹೊದಿಕೆ ಇದೆ. ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿಗಳಲ್ಲಿ ಆ ಹೊದಿಕೆಯನ್ನ ಅಲ್ಲಲ್ಲಿ ಕಿತ್ತುಹಾಕುತ್ತೆ. ಅಲ್ಲಿ ನರದಲ್ಲಿ ಹೋಗೋ ಸುದ್ದಿ ನಿಧಾನವಾಗುತ್ತೆ, ಇಲ್ಲವೇ ಮುಟ್ಟೋದೇ ಇಲ್ಲ.

ಮೊದಲು ನೋಡಿದ ಡಾಕ್ಟರು “ದಣಿವು ಮಾಡಿಕೋಬೇಡಿ” ಅಂದಿದ್ದರು. ನಮ್ಮತ್ತೆ ಅದನ್ನ ವ್ರತದ ಹಾಗೆ ಪಾಲಿಸಿದರು, ಒಂದು ಕೊಡ ನೀರು ಎತ್ತೋಕೂ ಬಿಡಲಿಲ್ಲ. ಎಂಟು ತಿಂಗಳು ಮಲಗಿದ್ದೇ ಮಲಗಿದ್ದು. ಕೊನೆಗೆ ತಾರಸಿಯ ಹನ್ನೆರಡು ಮೆಟ್ಟಿಲು ಹತ್ತಿದರೆ ಎದೆ ಡವಡವ. ಅದರಲ್ಲಿ ರೋಗ ಕಸಿದದ್ದೆಷ್ಟೋ, ಮಲಗಿ ನಾನೇ ಕಳಕೊಂಡದ್ದೆಷ್ಟೋ.

ಸಾಲಗಾಮೆ ರಸ್ತೆ ಕಡೆಯ ಫಿಸಿಯೋಥೆರಪಿ ಹುಡುಗಿ ಮೊದಲ ದಿನವೇ ಹೇಳಿದಳು: “ಅಕ್ಕಾ, ಅದು ಹಳೇ ಸಲಹೆ. ಹಿಂದೆ ಎಲ್ಲರಿಗೂ ಹಾಗೇ ಹೇಳ್ತಿದ್ರು.” 1996ರಲ್ಲಿ ಅಮೆರಿಕದ ಯೂಟಾದಲ್ಲಿ ಎಂಎಸ್ ಇರೋರಿಗೆ 15 ವಾರ, ವಾರಕ್ಕೆ 3 ಸಲ, ಸಲಕ್ಕೆ 40 ನಿಮಿಷ ಕೈಕಾಲು ಎರಡರಲ್ಲೂ ಸೈಕಲ್ ತುಳಿಸಿ ನೋಡಿದರಂತೆ. ಅವರ ದಮ್ಮು ಹೆಚ್ಚಿತಂತೆ. 2013ರ ಕೆನಡಾದ ಮಾರ್ಗಸೂಚಿ ರೋಗ ತೀರಾ ಬಲಿಯದವರಿಗೆ ವಾರಕ್ಕೆ 2 ದಿನ 30 ನಿಮಿಷ ಇಂಥ ವ್ಯಾಯಾಮ, ಜೊತೆಗೆ 2 ದಿನ ಸ್ನಾಯು ಬಲಕ್ಕೆ ಬೇರೆ ವ್ಯಾಯಾಮ ಅನ್ನುತ್ತೆ. ಇಷ್ಟೇನಾ ಅಂದುಕೊಂಡೆ. ಮೊದಲ ದಿನ ನನ್ನ ಕೈಲಾದದ್ದು ನಾಲ್ಕು ನಿಮಿಷ.

ನನಗೆ ಸಿಕ್ಕಿದ, ನಿಂತಲ್ಲೇ ತುಳಿಯೋ ವ್ಯಾಯಾಮದ ಸೈಕಲ್ಲು ಗಿರಾಕಿಯೊಬ್ಬರ ಮನೆಯದು, ಅಲ್ಲಿ ಟವೆಲ್ ಒಣಗಿಸೋಕೆ ಇತ್ತು. ತೊಂದರೆ ಆದದ್ದು ಪೆಡಲಿನಲ್ಲಿ. ಎಡಪಾದ ಮುಂದಕ್ಕೆ ಜಾರಿ ಜಾರಿ ಬೀಳ್ತಿತ್ತು. ಸ್ಕೂಲ್ ಬ್ಯಾಗಿನ ಒಂದಿಂಚು ಪಟ್ಟಿ ಕತ್ತರಿಸಿ, ನಾಲ್ಕಿಂಚು ವೆಲ್ಕ್ರೋ ಹಾಕಿ, ಹಿಮ್ಮಡಿ ಕೂರೋಕೆ ಕ್ಯಾನ್ವಾಸಿನಲ್ಲಿ ಒಂದು ಬಟ್ಟಲು ಹೊಲಿದೆ. ಮೊದಲನೆಯದು ಎರಡೇ ದಿನಕ್ಕೆ ಬಿಚ್ಚಿಹೋಯ್ತು. ಎರಡನೆಯದಕ್ಕೆ ಡಬಲ್ ಹೊಲಿಗೆ, ಮೂಲೆಗಳಲ್ಲಿ ಗುಣಾಕಾರದ ಗುರುತಿನ ಹಾಗೆ ಅಡ್ಡಹೊಲಿಗೆ. ಅದು ಇನ್ನೂ ಇದೆ.

ಒಂದು ಏಪ್ರಿಲ್ ಮಧ್ಯಾಹ್ನ ಉಮೇದು ಜಾಸ್ತಿಯಾಗಿ, ಬಾಗಿಲು ಹಾಕಿಕೊಂಡು ತುಳಿಯುತ್ತಾ ಕೂತೆ. ಹತ್ತು ನಿಮಿಷಕ್ಕೆ ಬಲಗಣ್ಣು ಮಂಜಾಯ್ತು. ಎದುರಿನ ಕ್ಯಾಲೆಂಡರಿನ ಕೆಂಪು ಅಂಕಿಗಳು ಬೂದಿ ಬಣ್ಣಕ್ಕೆ ತಿರುಗಿದವು. ಮತ್ತೆ ಬಂತು ಅಂತ ಅಳುತ್ತಾ ಫ್ಯಾನ್ ಕೆಳಗೆ ಬಿದ್ದುಕೊಂಡೆ. ಅರ್ಧ ಗಂಟೆಗೆ ಅಂಕಿಗಳು ಮತ್ತೆ ಕೆಂಪಾದವು.

ಅದಕ್ಕೊಂದು ಹೆಸರೇ ಇದೆ, ಉಟ್‌ಹಾಫ್ ಫಿನಾಮಿನನ್ ಅಂತ. 1890ರಲ್ಲೇ ಉಟ್‌ಹಾಫ್ ಅನ್ನೋ ಜರ್ಮನ್ ಕಣ್ಣಿನ ಡಾಕ್ಟರು ಗುರುತಿಸಿ ಬರೆದಿದ್ದು. ಮೈ ಬಿಸಿಯೇರಿದರೆ ಹೊದಿಕೆ ಹೋದ ನರಗಳಲ್ಲಿ ಸುದ್ದಿ ಇನ್ನೂ ತಡವರಿಸುತ್ತೆ, ಅರ್ಧ ಡಿಗ್ರಿ ಏರಿದರೂ ಸಾಕು. ಮೈ ತಣ್ಣಗಾದರೆ ಮೊದಲಿನಂತೆ. ಹೊಸ ಗಾಯ ಅಲ್ಲ. ಮೈ ತಣ್ಣಗಾಗಿ ಒಂದು ದಿನ ಕಳೆದರೂ ಹಾಗೇ ಉಳಿದರೆ ಡಾಕ್ಟರ ಹತ್ತಿರ ಓಡಬೇಕು. ವ್ಯಾಯಾಮ ಬೇಡ ಅಂತಿದ್ದದ್ದಕ್ಕೆ ಈ ಭಯವೂ ಒಂದು ಕಾರಣವಂತೆ. ನನಗಂತೂ ಇದನ್ನ ಮೊದಲೇ ಯಾರಾದರೂ ಹೇಳಿದ್ದರೆ ಆ ಅರ್ಧ ಗಂಟೆ ಉಳೀತಿತ್ತು.

ಈಗ ಬೆಳಿಗ್ಗೆ ಐದೂವರೆಗೆ, ಕಿಟಕಿ ತೆರೆದು. ಹಾಸನದ ಬೆಳಗಿನ ಥಂಡಿ ಪುಕ್ಕಟೆ ಸಿಗೋ ಔಷಧಿ. ಒದ್ದೆ ಟವೆಲ್ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಕುತ್ತಿಗೆಗೆ ಸುತ್ತಿಕೊಳ್ತೀನಿ. ಐದು ನಿಮಿಷ ತುಳಿತ, ಎರಡು ನಿಮಿಷ ಬಿಡುವು, ಮತ್ತೆ ಐದು. ತುಳಿಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅಷ್ಟಿದ್ದರೆ ವೇಗ ಸರಿ. ಅದನ್ನ ನೋಡಿಕೊಳ್ಳೋದು ಅತ್ತೆ. ಎದುರಿಗೆ ಕೂತು ಹುರುಳಿಕಾಳು ಆರಿಸ್ತಾ “ಯಾವುದಾದ್ರೂ ದೇವರನಾಮ ಹೇಳು ನೋಡಾಣ” ಅಂತಾರೆ. ಎರಡನೇ ಸಾಲು ಬಂದುಬಿಟ್ಟರೆ “ಇನ್ನೂ ಜೋರಾಗಿ ತುಳಿ ಕಣೇ.”

ಮಯಲಿನ್ ಇದರಿಂದ ಮತ್ತೆ ಬಂದು ಕೂತಿದೆ ಅಂತ ನಾನು ಹೇಳ್ತಿಲ್ಲ. ಮಾತ್ರೆ ನಡೀತಿದೆ, ಸಂಜೆಯಾದರೆ ಎಡಗಾಲಿನ ಹೆಬ್ಬೆರಳು ಹೊಸಿಲಿಗೆ ಈಗಲೂ ತಾಗುತ್ತೆ. ಆದರೆ ಎಂಎಸ್‌ನ ಆಯಾಸ ಅಂತ ಒಂದಿದೆ. ಕೆಲಸ ಮಾಡಿ ಸುಸ್ತಾಗೋದಲ್ಲ ಅದು. ಕೂತಲ್ಲೇ ಯಾರೋ ಮೈಮೇಲೆ ಒದ್ದೆ ಕಂಬಳಿ ಹೊದಿಸಿದ ಹಾಗೆ. ಮೊದಲು ಮಧ್ಯಾಹ್ನ ಎರಡಕ್ಕೆ ಕವೀತಿತ್ತು. ಈಗ ಹೆಚ್ಚಿನ ದಿನ ನಾಲ್ಕೂವರೆ. ಆ ಎರಡೂವರೆ ಗಂಟೆಯಲ್ಲಿ ಒಂದು ಲೈನಿಂಗ್ ಬ್ಲೌಸ್ ಮುಗಿಯುತ್ತೆ.

ಮೆಷಿನ್ನಿಗೆ ಮೋಟಾರು ಹಾಕಿಸಿದ್ದೀನಿ. ಅದು ಅತ್ತೆಗೆ ಇವತ್ತಿಗೂ ಜೀರ್ಣವಾಗಿಲ್ಲ. ನಿನ್ನೆ ನನ್ನ 22ನೇ ನಿಮಿಷದಲ್ಲಿ ಮೊರ ಕೊಡವುತ್ತಾ ಅಂದರು: “ಮೆಷಿನ್ ತುಳಿಯೋದು ಬಿಟ್ಟು ಕರೆಂಟ್ ಹಾಕಿಸ್ಕಂಡೆ. ಈಗ ಎಲ್ಲಿಗೂ ಹೋಗದಿರೋ ಸೈಕಲ್ ತುಳೀತಿದ್ದೀಯ. ಅದನ್ನೇ ಇಲ್ಲಿ ತುಳಿದಿದ್ರೆ ಎರಡು ಲಂಗಾನಾದ್ರೂ ಆಗ್ತಿರ್ಲಿಲ್ವೇನೇ?”