ಲಾರಿ ಮೇಲಿನ ಲೇಸರ್

ಇವತ್ತು ಗಣಪತಿ ಮೆರವಣಿಗೆ ಲಾರಿ ಮೇಲೊಂದು ಹಸಿರು ಲೇಸರ್. ಕಿರಣ ನೇರ ಜನರ ಮುಖಕ್ಕೆ. ಅಪ್ಪನ ಹೆಗಲೇರಿದ ಮಗು ಅದನ್ನೇ ದಿಟ್ಟಿಸ್ತಿತ್ತು.

ಬಂದೂಕಿಗಾದ್ರೆ 1959ರ ಆಯುಧ ಕಾಯ್ದೆ ಇದೆ, ಲೈಸೆನ್ಸ್ ಬೇಕು. ಕೊಡವರಿಗೆ ವಿನಾಯಿತಿ ಇದೆ, ಆದ್ರೆ ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡೋ ಮರ್ಯಾದೆಯೂ ಇದೆ. 500 ಮಿಲಿವ್ಯಾಟ್ ದಾಟಿದ, ಅತಿ ಅಪಾಯದ ನಾಲ್ಕನೇ ದರ್ಜೆಯ ಲೇಸರ್ ಮಾತ್ರ ಶಾಮಿಯಾನದ ಜೊತೆ ಬಾಡಿಗೆಗೆ ಬರುತ್ತೆ.

ಖಾಲಿ ಕೋವಿಯ ನಳಿಗೆಯನ್ನೂ ಯಾರ ಕಡೆಗೂ ತಿರುಗಿಸಬಾರದು. ಲೇಸರ್‌ಗೂ ಅದೇ ನಿಯಮ.

ಕಿರಣ ಜನ ನಿಂತ ನೆಲದಿಂದ ಕನಿಷ್ಠ 3 ಮೀಟರ್ ಮೇಲಿರಬೇಕು. ಕಿರಣ ಹೊರಬರೋ ಕಿಂಡಿಯ ಕೆಳಭಾಗಕ್ಕೆ ತಗಡಿನ ಮರೆ ಬೇಕು, ಸಾಫ್ಟ್‌ವೇರ್ ಕೈಕೊಟ್ರೂ ಕಿರಣ ಕೆಳಗಿಳಿಯಲ್ಲ. ಆಪರೇಟರ್ ಕೈಯಳತೆಯಲ್ಲಿ ಕೆಂಪು ಸ್ಟಾಪ್ ಬಟನ್.

ಲೇಸರ್ ಪೆಟ್ಟಿಗೆಯೊಳಗೆ ಎರಡು ಪುಟ್ಟ ಕನ್ನಡಿಗಳು ಸರಸರ ಅಲುಗಾಡ್ತಾ ಕಿರಣ ಹರಡ್ತವೆ. ಅವು ಸಿಕ್ಕಿಕೊಂಡ್ರೆ ಪೂರ್ತಿ ಶಕ್ತಿ ಒಂದೇ ಚುಕ್ಕೆಗೆ. ರೆಪ್ಪೆ ಮುಚ್ಚೋಕೆ ಕಾಲು ಸೆಕೆಂಡ್ ಬೇಕು, ರೆಟಿನಾ ಸುಡೋಕೆ ಅಷ್ಟೂ ಬೇಡ. ನೋವೇ ಆಗದೆ ಇರಬಹುದು, ಅದೇ ಭಯ.

ಇನ್ನು ಓಡೋ ಲಾರಿ ಮೇಲೆ ಈ ಅಳತೆ ಯಾವುದೂ ನಿಲ್ಲಲ್ಲ. ಒಂದು ಹಂಪ್ ಹತ್ತಿಳಿದ್ರೆ ಸಾಕು, ಕಿರಣ ಸೀದಾ ಆ ಮಗುವಿನ ಎತ್ತರಕ್ಕೆ.