ಘಟ್ಟದ ಮೇಲಿನ ಮಕ್ಕಳು, ಘಟ್ಟದ ಕೆಳಗಿನ ಮಕ್ಕಳು, ಒಂದು ವಾಟ್ಸಾಪ್ ಗ್ರೂಪು

ನಮ್ಮನೆ ಶಿರಸಿ ಪೇಟೆಯಿಂದ ಸುಮಾರು ಒಳಗೆ, ಅಡಿಕೆ ತೋಟದ ಮಧ್ಯ. 2020ರಲ್ಲಿ ಶಾಲೆಗಳೆಲ್ಲ ಬಂದಾದಾಗ ಎರಡನೇ ಕ್ಲಾಸಿನ ಮಗಳನ್ನ ಕರ್ಕೊಂಡು ಬೆಟ್ಟದ ತಲೆಗೆ ಹತ್ತಿ, ಒಂದು ಕೈಲಿ ಛತ್ರಿ ಇನ್ನೊಂದು ಕೈಲಿ ಮೊಬೈಲು ಹಿಡ್ಕೊಂಡು ಸಿಗ್ನಲ್ ಹುಡುಕಿದ್ದು ನಂಗೆ ಇನ್ನೂ ಮರೆತಿಲ್ಲ. ಅಷ್ಟು ಕಷ್ಟಪಟ್ಟು ಡೌನ್‌ಲೋಡ್ ಮಾಡಿದ್ರೆ ಬರ್ತಿದ್ದದ್ದು ಪಿಡಿಎಫ್, ಇಲ್ಲಾ ಒಂದು ವಿಡಿಯೋ, ನೋಡಿ ಮುಗೀತು ಅಂದ್ರೆ "ಓಕೆ ಸರ್" ಅಂತ ಟೈಪ್ ಮಾಡೋದು. ಪಾಪ, ಶಿಕ್ಷಕರದ್ದೂ ತಪ್ಪಿಲ್ಲ, ಅವರಿಗೂ ಬೇರೆ ದಾರಿ ಇರ್ಲಿಲ್ಲ. ಆದ್ರೆ ಅಷ್ಟು ತಿಂಗಳಲ್ಲಿ ನನ್ನ ಮಗಳು ಆ ಗ್ರೂಪಿನಲ್ಲಿ ಒಂದೇ ಒಂದು ಪ್ರಶ್ನೆನೂ ಕೇಳ್ಲಿಲ್ಲ, ಮನೆಯಲ್ಲಿ ಬೆಳಗ್ಗಿಂದ ರಾತ್ರಿವರೆಗೆ ಪ್ರಶ್ನೆ ಕೇಳೋ ಹುಡುಗಿ.

ಅದು ಮನಸ್ಸಿನಲ್ಲೇ ಕೂತಿತ್ತು. ಅವಳು ಐದನೇ ಕ್ಲಾಸಿಗೆ ಬಂದಾಗ ನಾವೇ ಒಂದು ಸಣ್ಣ ಗ್ರೂಪು ಮಾಡಿದ್ವಿ. ಕಾರವಾರದ ಕೋಡಿಬಾಗದಲ್ಲಿರೋ ನನ್ನ ತಮ್ಮನ ಮನೆ, ಕುಮಟಾದಲ್ಲಿರೋ ನಾದಿನಿ ಮನೆ, ನಮ್ಮ ಕೇರಿಯ ನಾಲ್ಕು ಮನೆ, ಎಲ್ಲಾ ಸೇರಿ ಒಂಬತ್ತು ಮಕ್ಕಳು. ವಾಟ್ಸಾಪ್ ಗ್ರೂಪಿಗೆ 1024 ಜನರನ್ನ ಸೇರಿಸಬಹುದು, ನಮಗೆ ಒಂಬತ್ತೇ ಸಾಕು, ಯಾಕಂದ್ರೆ ಒಂದು ಮಗು ಎರಡು ದಿನ ಮಾತಾಡದೇ ಇದ್ರೆ ಗೊತ್ತಾಗ್ಬೇಕು. ಗುಡ್ ಮಾರ್ನಿಂಗ್ ಚಿತ್ರ ಇಲ್ಲ, ಫಾರ್ವರ್ಡ್ ಇಲ್ಲ. ತಾನು ಕಣ್ಣಾರೆ ಕಂಡಿದ್ದನ್ನ ಮಾತ್ರ ಹಾಕ್ಬೇಕು, ಬೇಕಾದ್ರೆ ಪ್ರಶ್ನೆ ಕೇಳ್ಬೇಕು, ಇಷ್ಟೇ.

ಮೊದಲು ಎರಡು ವಾರ ಬರೀ ಬೆಕ್ಕಿನ ಫೋಟೋ ಬಂತು. ಆಮೇಲೆ ತಮ್ಮನ ಮಗ ಕಾಳಿ ನದಿ ಸಮುದ್ರ ಸೇರೋ ಕಡೆಯ ಒಂದು ಕಲ್ಲಿನ ಫೋಟೋ ಹಾಕಿ "ಅತ್ತೆ, ನಾಲ್ಕು ದಿನದ ಹಿಂದೆ ಇದೇ ಹೊತ್ತಿಗೆ ಈ ಕಲ್ಲಿನ ಮೇಲೆ ಕೂತಿದ್ದೆ, ಇವತ್ತು ಅದರ ತಲೆ ಮಾತ್ರ ಕಾಣ್ತಾ ಇದ್ದು" ಅಂದ. ಅವನಿಗೆ ಭರತ, ಇಳಿತ, ಅಂದ್ರೆ ಸಮುದ್ರದ ನೀರು ಏರೋದು ಇಳಿಯೋದು, ಹೊಸದೇನಲ್ಲ, ಹುಟ್ಟಿದಾಗಿಂದ ನೋಡ್ತಿದಾನೆ. ಆದ್ರೆ ನನ್ನ ಮಗಳು ಘಟ್ಟದ ಮೇಲಿನವಳು, ಅವಳಿಗೆ ನೀರು ಅಂದ್ರೆ ಮೇಲಿಂದ ಕೆಳಗೆ ಹರಿಯೋದು ಮಾತ್ರ. "ಆಯಿ, ಆ ನೀರು ವಾಪಸ್ ಎಲ್ಲಿಗೆ ಹೋಗ್ತು?" ಅಂತ ಶುರು ಮಾಡಿದ್ಲು ನೋಡಿ, ಬಿಡ್ಲೇ ಇಲ್ಲ. ದಿನಾ ಸಂಜೆ ಐದು ಗಂಟೆಗೆ ಸರಿಯಾಗಿ ಅದೇ ಕಲ್ಲಿನ ಫೋಟೋ ಕಳಿಸು ಅಂತ ಅವನಿಗೆ ಹೇಳಿದ್ಲು. ಅವನು ಕಳಿಸ್ತಾ ಹೋದ, ಇವಳು ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನದ ಚೌಕದೊಳಗೆ ನೀರು ಎಷ್ಟಿತ್ತು ಅಂತ ಪೆನ್ಸಿಲಿನಲ್ಲಿ ಗೀಟು ಹಾಕ್ತಾ ಹೋದ್ಲು. ಹದಿನೈದು ದಿನ ಆಗೋ ಹೊತ್ತಿಗೆ ಮೊದಲನೇ ದಿನದ ಥರದ್ದೇ ಫೋಟೋ ಮತ್ತೆ ಬಂತು, ಆವಾಗ ಅವಳೇ ಓಡಿ ಬಂದು ಅಮಾವಾಸ್ಯೆ ಹುಣ್ಣಿಮೆಯ ಗುರುತನ್ನ ಬೆರಳಿಟ್ಟು ತೋರಿಸಿದ್ಲು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗ್ತದೆ, ಚಂದ್ರ ಹುಟ್ಟೋ ಹೊತ್ತೂ ಹೆಚ್ಚುಕಮ್ಮಿ ಅಷ್ಟೇ ಮುಂದೆ ಹೋಗ್ತದೆ ಅಂತ ನಾದಿನಿ ಆಮೇಲೆ ವಾಯ್ಸ್ ಮೆಸೇಜಿನಲ್ಲಿ ಬಿಡಿಸಿ ಹೇಳಿದ್ಲು, ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸ್ತಾಳೆ. ಆದ್ರೆ ಅವಳು ಹೇಳೋದ್ರೊಳಗೆ ಮಕ್ಕಳು ಅರ್ಧ ದಾರಿ ತಾವೇ ನಡೆದಾಗಿತ್ತು.

ಮುಂದಿನ ವರ್ಷ ನಮ್ಮ ಸರದಿ. ಮಳೆ ಹಿಡಿಯೋ ಮುಂಚೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೀಬೇಕಲ್ಲ, ಅಂಗಳದಲ್ಲಿ ಆ ಬೋರ್ಡೋ ದ್ರಾವಣ ಕೂಡಿಸ್ತಾ ಇದ್ರು, ಒಂದು ಕೇಜಿ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯ್ತಾ ಇಲ್ವಾ ಅಂತ ನೋಡೋಕೆ ನಮ್ಮಲ್ಲಿ ಹಿಂದಿನಿಂದಲೂ ತಿಕ್ಕಿದ ಚಾಕು ಅದ್ದೋದು ರೂಢಿ. ಚಾಕು ಕೆಂಪಾದ್ರೆ ಸುಣ್ಣ ಇನ್ನೂ ಬೇಕು ಅಂತ ಲೆಕ್ಕ. ಮಗಳು ಅದನ್ನ ದೂರ ನಿಂತು ವಿಡಿಯೋ ಮಾಡಿ ಹಾಕಿದ್ಲು. ಕೆಳಗಿನ ಮಕ್ಕಳು ಹಿಡ್ಕೊಂಡ್ರು, "ಚಾಕು ಎಂತಕ್ಕೆ ಕೆಂಪಾತು? ತುಕ್ಕಾ?" ನಮ್ಮನೆಯವರು ಇಷ್ಟು ವರ್ಷ ಔಷಧಿ ಹೊಡೆಸಿದಾರೆ, ಅವರಿಗೂ ಉತ್ತರ ಗೊತ್ತಿರ್ಲಿಲ್ಲ. ಅದು ತುಕ್ಕಲ್ಲ, ತಾಮ್ರ. ಮೈಲುತುತ್ತದ ನೀರಿನಲ್ಲಿ ಕಬ್ಬಿಣ ಸ್ವಲ್ಪ ಕರಗ್ತದೆ, ನೀರಿನಲ್ಲಿದ್ದ ತಾಮ್ರ ಬಂದು ಚಾಕುವಿನ ಮೇಲೆ ಕೂರ್ತದೆ, ಸುಣ್ಣ ಸಾಕಷ್ಟು ಬಿದ್ರೆ ತಾಮ್ರ ಸುಣ್ಣದ ಜೊತೆ ಕಟ್ಟಿಕೊಂಡು ಬಿಡ್ತದೆ, ಆಮೇಲೆ ಚಾಕುವಿಗೆ ಹತ್ತೋದಿಲ್ಲ. ಹತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಮೊದಲನೇ ಪಾಠದಲ್ಲೇ ಕಬ್ಬಿಣದ ಮೊಳೆ ಇಟ್ಟು ಮಾಡೋ ಪ್ರಯೋಗ ಇದು ಅಂತ ನಾದಿನಿ ಹೇಳಿದ್ಲು. ನಾನೂ ಹತ್ತನೇ ಕ್ಲಾಸು ಓದಿದವಳೇ, ಪ್ರತಿ ಮಳೆಗಾಲ ಆ ಚಾಕು ನೋಡಿದವಳೇ, ಅವೆರಡೂ ಒಂದೇ ಅಂತ ಯಾರೂ ಹೇಳಿರ್ಲಿಲ್ಲ. ಆ ದಿನ ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು.

ಎಲ್ಲಾ ಚೆನ್ನಾಗೇ ಆಯ್ತು ಅಂತಲ್ಲ. ಶುರುವಿನಲ್ಲಿ ನಾನು ಖುಷಿಗೆ ಮಗಳ ಫೋಟೋ, ಯೂನಿಫಾರ್ಮಿನಲ್ಲಿರೋದು, ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೆ. ಯಾರೋ ಗುರುತಿಲ್ಲದವರು ಯಾವ ಶಾಲೆ, ಯಾವ ಊರು ಅಂತ ಇನ್‌ಬಾಕ್ಸಿಗೆ ಬಂದು ಕೇಳಿದ್ರು. ಆ ರಾತ್ರಿ ನಿದ್ದೆ ಬರ್ಲಿಲ್ಲ, ಎದ್ದು ಎಲ್ಲಾ ಅಳಿಸಿದೆ. ಈಗ ಮಕ್ಕಳ ಮುಖ, ಶಾಲೆ ಹೆಸರು, ಮನೆ ದಾರಿ ಯಾವುದೂ ಹೊರಗೆ ಹೋಗೋದಿಲ್ಲ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪು ಎಲ್ಲದಕ್ಕೂ ಕನಿಷ್ಠ 13 ವರ್ಷ ಅಂತ ಅವರೇ ಹೇಳ್ತಾರೆ, ಹಾಗಾಗಿ ನಂಬರು ನಮ್ಮದು, ಫೋನು ನಮ್ಮದು, ಸಂಜೆ ಅರ್ಧ ಗಂಟೆ ಪಕ್ಕದಲ್ಲಿ ಕೂರೋದೂ ನಾವೇ. ಆ ಅರ್ಧ ಗಂಟೆ ಕೂರೋಕೆ ಆಗದಿದ್ರೆ ಇದನ್ನ ಶುರು ಮಾಡ್ಬೇಡಿ ಅಂತ ನಾನು ಕೇಳಿದವರಿಗೆಲ್ಲ ಹೇಳ್ತೀನಿ.

2024ರ ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮೇಲೆ ಬಿತ್ತಲ್ಲ, ಜನ ಹೋದ್ರು, ಆ ವಾರ ನಮ್ಮ ಜಿಲ್ಲೆಯಲ್ಲಿ ಯಾರ ಮನಸ್ಸೂ ನೆಟ್ಟಗಿರ್ಲಿಲ್ಲ. ಆವಾಗ ನಂಗೊಂದು ವಿಡಿಯೋ ಬಂತು, ಶಿರೂರಿನದ್ದೇ ಅಂತ ಬರೆದಿತ್ತು, ನಾನು ಗಾಬರಿಯಲ್ಲಿ ನಮ್ಮ ನಿಯಮ ನಾನೇ ಮುರಿದು ಮಕ್ಕಳ ಗ್ರೂಪಿಗೂ ಕಳಿಸಿಬಿಟ್ಟೆ. ಐದು ನಿಮಿಷದಲ್ಲಿ ತಮ್ಮನ ಮಗ ಬರೆದ, "ಅತ್ತೆ, ಇದು ಶಿರೂರಲ್ಲ, ಅಲ್ಲಿ ರಸ್ತೆ ಪಕ್ಕಕ್ಕೇ ಗಂಗಾವಳಿ ಹೊಳೆ ಇದ್ದು, ಇದ್ರಲ್ಲಿ ಹೊಳೆ ಎಲ್ಲಿದ್ದು?" ಇನ್ನೊಬ್ಬಳು ವಿಡಿಯೋ ನಿಲ್ಲಿಸಿ ಲಾರಿ ನಂಬರ್ ಪ್ಲೇಟು ನೋಡಿದ್ಲು, ಬೇರೆ ರಾಜ್ಯದ್ದು. ಹೆದ್ದಾರಿಯಲ್ಲಿ ಎಲ್ಲಾ ರಾಜ್ಯದ ಲಾರಿಯೂ ಓಡ್ತದೆ, ಅದೊಂದೇ ಸಾಕ್ಷಿ ಆಗೋದಿಲ್ಲ ಅಂತ ಮೂರನೆಯವನು. ನಾನು ಅಲ್ಲೇ ತಪ್ಪಾಯ್ತು ಅಂತ ಬರೆದು ಅಳಿಸಿದೆ. ಕಾಣದ್ದನ್ನ ಹಾಕ್ಬಾರ್ದು ಅನ್ನೋ ನಿಯಮ ಯಾಕೆ ಅಂತ ಮಕ್ಕಳಿಗೆ ಮತ್ತೆ ವಿವರಿಸೋ ಕೆಲಸ ಉಳೀಲಿಲ್ಲ.

ಇನ್ನೊಂದು ಮಾತು ಹೇಳ್ಲೇಬೇಕು. ನಮ್ಮಲ್ಲಿಗೆ ಅಡಿಕೆ ಸುಲಿಯೋಕೆ ಬರೋ ಒಬ್ಬರ ಮಗ ಇದಾನೆ, ಮಗಳ ಕ್ಲಾಸೇ. ಅವರ ಮನೆಯಲ್ಲಿ ಇರೋದು ಬಟನ್ ಫೋನು. ಮೊದಲು ಅವನು ಗ್ರೂಪಿನಲ್ಲಿ ಇರ್ಲಿಲ್ಲ, ನಂಗೆ ಅದು ಹೊಳೆದೂ ಇರ್ಲಿಲ್ಲ, ಈಗ ನೆನೆಸಿದ್ರೆ ಬೇಜಾರಾಗ್ತದೆ. ಮಗಳೇ ದಾರಿ ಹುಡುಕಿದ್ಲು. ಅವನು ನೋಟ್‌ಬುಕ್ಕಿನಲ್ಲಿ ಚಿತ್ರ ಬಿಡಿಸಿ ಬರೀತಾನೆ, ಇವಳು ಅದರ ಫೋಟೋ ತೆಗೆದು ಅವನ ಹೆಸರಿನಲ್ಲೇ ಹಾಕ್ತಾಳೆ, ಬಂದ ಉತ್ತರ ಮರುದಿನ ಶಾಲೆಯಲ್ಲಿ ಅವನಿಗೆ ಓದಿ ಹೇಳ್ತಾಳೆ. ಕಾಡಿನ ವಿಷಯಕ್ಕೆ ಬಂದ್ರೆ ಈಗ ಎಲ್ಲರೂ ಕಾಯೋದು ಅವನ ಪುಟಕ್ಕೆ. ಹೆಜ್ಜೇನು, ತುಡುವೆ, ಕೋಲುಜೇನು, ಚುಚ್ಚದ ಸಣ್ಣ ಜೇನು ಮಿಸರಿ, ಒಂದೊಂದರ ತಟ್ಟಿ ಎಲ್ಲಿ ಹೇಗೆ ಕಟ್ತದೆ ಅಂತ ಅವನು ಬಿಡಿಸಿದ ಚಿತ್ರವನ್ನ ನಾದಿನಿ ತನ್ನ ಶಾಲೆಯ ಗೋಡೆಗೆ ಹಚ್ಚಿದಾಳೆ.

ಕಳೆದ ಭಾನುವಾರದ ಪುಟ ಹೀಗಿತ್ತು. ಅವರ ಮನೆ ಮಣ್ಣಿನ ಗೋಡೆಯ ಸಂದಿಯಲ್ಲಿ ಮಿಸರಿ ಜೇನು ಕೂತಿದೆ, ಬಾಗಿಲಿಗೆ ಮೇಣದ ಸಣ್ಣ ಕೊಳವೆ ಮಾಡ್ಕೊಂಡಿದೆ, ಅದನ್ನ ಅವನು ವಾರಕ್ಕೊಮ್ಮೆ ಸ್ಕೇಲ್ ಇಟ್ಟು ಅಳೀತಾನೆ. ಮೊದಲು ಎರಡು ಸೆಂಟಿಮೀಟರ್, ಈಗ ಮೂರೂವರೆ. ಕೆಳಗೆ ಬರೆದಿದ್ದ, "ಯಾಕೆ ಉದ್ದ ಮಾಡ್ತಾ ಹೋಗ್ತದೆ?" ನಾದಿನಿಗೂ ಗೊತ್ತಿಲ್ಲ. ಕಾರವಾರದಿಂದ ತಮ್ಮನ ಮಗ ಬರೆದಿದಾನೆ, ಗೋಡೆಯ ಆ ಬದಿಗೆ ಗಾಳಿ ಮಳೆ ಹೊಡೀತದಾ ಕೇಳಿ ಹೇಳು ಅಂತ. ಮಗಳು ನಾಳೆ ಬೆಳಗ್ಗೆ ಕೇಳ್ಕೊಂಡು ಬರ್ತಾಳಂತೆ.